ಹದಿನೆಂಟು ಕಂಪ್ಯೂಟರ್‌ಗಳ ಸಹಕಾರಿಗೆ ಎಷ್ಟು ಕಾವಲು ಬೇಕು?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದಲ್ಲಿರುವ ಪತ್ತಿನ ಸೌಹಾರ್ದ ಸಹಕಾರಿ. ಮುಖ್ಯ ಕಚೇರಿ, ಎರಡು ಶಾಖೆ, ಹದಿನೆಂಟು ಕಂಪ್ಯೂಟರ್, ಒಂದು ಸರ್ವರ್. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ತಿಂಗಳಿಗೆ ಎರಡು ಸಲ ಬರುತ್ತಾನೆ. ಈ ವರ್ಷ ಆಡಿಟರು "ಸೆಕ್ಯುರಿಟಿ ಮಾನಿಟರಿಂಗ್ ಏನಾದರೂ ಇದೆಯೇ?" ಎಂದು ಕೇಳಿದರು. ಒಂದು ಕಂಪನಿಯಿಂದ ಕೋಟೇಶನ್ ತರಿಸಿದೆವು. ವರ್ಷಕ್ಕೆ ಆರೂವರೆ ಲಕ್ಷ ಹೇಳಿದ್ದಾರೆ. "ಆಂಟಿವೈರಸ್ ಇದೆಯಲ್ಲ, ಸಾಕು" ಎನ್ನುತ್ತಾರೆ ಆಡಳಿತ ಮಂಡಳಿಯವರು. ನನಗೆ ಭಯ. ಕಡಿಮೆ ಖರ್ಚಿನಲ್ಲಿ ಏನಾದರೂ ಮಾಡಬಹುದೇ? ಮಂಡಳಿಗೆ ಏನು ಹೇಳಲಿ?
ಸಹಕಾರಿಯೊಂದರ ಮುಖ್ಯ ಕಾರ್ಯನಿರ್ವಾಹಕಿ

ಉತ್ತರ: ಮೇಡಂ, ಖಂಡಿತ ಮಾಡಬಹುದು. ಆ ಕೋಟೇಶನ್‌ಗೆ ಈಗಲೇ ಸಹಿ ಹಾಕಬೇಡಿ. ಹಾಗಂತ ಆಂಟಿವೈರಸ್ ಇದೆ ಎಂದು ಸುಮ್ನೆ ಕೂರುವುದೂ ಸರಿಯಲ್ಲ.

ನಿಮ್ಮಲ್ಲಿ ದಿನಾ ಸಂಜೆ ಕ್ಯಾಶ್ ತಾಳೆಯಾಗದೆ ಯಾರೂ ಮನೆಗೆ ಹೋಗುವುದಿಲ್ಲ, ಅಲ್ವಾ? ಹತ್ತು ರೂಪಾಯಿ ಹೆಚ್ಚುಕಮ್ಮಿ ಬಂದರೂ ವೋಚರ್‌ಗಳನ್ನು ಒಂದೊಂದೇ ತೆಗೆದು ನೋಡುತ್ತೀರಿ. ಪಿಗ್ಮಿ ಸಂಗ್ರಹದ ಲೆಕ್ಕವೂ ಹಾಗೆಯೇ. ಈ ಅಭ್ಯಾಸವನ್ನು ನೀವು ಯಾರಿಂದಲೂ ಕೊಂಡು ತಂದಿಲ್ಲ. ಕಂಪ್ಯೂಟರ್‌ಗಳ ಮೇಲೆ ನಿಗಾ ಇಡುವುದೂ ಇದೇ ಥರದ ಕೆಲಸ. ಒಬ್ಬರು ದಿನಾ ಬೆಳಿಗ್ಗೆ ಹತ್ತು ಹದಿನೈದು ನಿಮಿಷ ಕೂತು, ನಿನ್ನೆ ಸಂಜೆಯಿಂದ ಏನೇನಾಯಿತು ಎಂದು ನೋಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆ ಒಬ್ಬರು ಯಾರು ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಸಾಫ್ಟ್‌ವೇರ್ ಮಾತು ಆಮೇಲೆ. ಒಳ್ಳೆಯ ಸಾಫ್ಟ್‌ವೇರ್ ಇದ್ದೂ ನೋಡುವವರೇ ಇಲ್ಲದ ಆಫೀಸುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಅಂಥದ್ದೇ ಒಂದು ಕಡೆ ಏನಾಯಿತು ಎಂದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಗುರುವಾರ ಬೆಳಿಗ್ಗೆ ಫೋನ್ ಮಾಡಿದರು. ಸರ್ವರ್‌ನಲ್ಲಿದ್ದ ಎಲ್ಲ ಫೈಲ್‌ಗಳ ಹೆಸರಿನ ಕೊನೆಗೆ ಏನೋ ವಿಚಿತ್ರ ಅಕ್ಷರ ಸೇರಿಕೊಂಡಿತ್ತು. ಟ್ಯಾಲಿ ತೆರೆಯುತ್ತಿರಲಿಲ್ಲ. ಪರದೆಯ ಮೇಲೆ ದುಡ್ಡು ಕೇಳುವ ಒಂದು ಚೀಟಿ. ನಾನು ಹೋಗಿ ಆ ಸರ್ವರ್‌ನ ಸೆಕ್ಯುರಿಟಿ ಲಾಗ್, ಅಂದರೆ ಯಾರು ಯಾವಾಗ ಬಂದರು, ಏನು ಮಾಡಿದರು ಎಂದು ವಿಂಡೋಸ್ ತಾನೇ ಬರೆದಿಡುವ ದಿನಚರಿ, ತೆರೆದೆ. 4625, 4625, 4625 ಎಂದು ಪುಟಗಟ್ಟಲೆ ಒಂದೇ ಸಂಖ್ಯೆ. ಯಾರೋ ಪಾಸ್‌ವರ್ಡ್ ತಪ್ಪಾಗಿ ಕೊಟ್ಟರು ಎಂದು ವಿಂಡೋಸ್ ಬರೆದಿಡುವ ಗುರುತು ಅದು. ಹಗಲು ರಾತ್ರಿ, ನಿಮಿಷಕ್ಕೆ ಎರಡೋ ಮೂರೋ. ಒಮ್ಮೆ 'ಅಡ್ಮಿನ್' ಎಂಬ ಹೆಸರಲ್ಲಿ, ಒಮ್ಮೆ 'ಟ್ಯಾಲಿ', ಒಮ್ಮೆ 'ಯೂಸರ್1'. ಭಾನುವಾರ ರಾತ್ರಿ ಎರಡು ಗಂಟೆಯ ಆಚೀಚೆ ಒಂದೇ ಒಂದು 4624. ಅಂದರೆ ಪಾಸ್‌ವರ್ಡ್ ಸರಿಹೋಯಿತು, ಒಳಗೆ ಬಂದಾಯಿತು. ಐದೇ ನಿಮಿಷಕ್ಕೆ 4720. ಹೊಸ ಬಳಕೆದಾರರ ಖಾತೆ ತೆರೆದಾಯಿತು. ಆಮೇಲೆ ಬುಧವಾರ ರಾತ್ರಿಯವರೆಗೆ ನುಗ್ಗಿದವರು ಅವಸರವಿಲ್ಲದೆ ಒಳಗೇ ಓಡಾಡಿಕೊಂಡಿದ್ದರು.

ಭಾನುವಾರದಿಂದ ಬುಧವಾರಕ್ಕೆ ಪೂರ್ತಿ ಮೂರು ದಿನ. ಸೋಮವಾರ ಬೆಳಿಗ್ಗೆ ಯಾರಾದರೂ ಹತ್ತು ನಿಮಿಷ ಆ ಲಾಗ್ ನೋಡಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ನನಗೆ ಈಗಲೂ ಬೇಸರವಾಗುವುದು ಇದಕ್ಕೇ. ಇನ್ನೊಂದು ಸಂಗತಿ ಹೇಳಬೇಕು. ಅವರು ಎಂದಿನಿಂದ ಬಾಗಿಲು ಬಡಿಯುತ್ತಿದ್ದರು ಎಂದು ತಿಳಿಯಲು ಹಿಂದಕ್ಕೆ ಹೋದೆ. ಲಾಗ್‌ನಲ್ಲಿ ಉಳಿದಿದ್ದು ಆರೇ ದಿನದ್ದು. ವಿಂಡೋಸ್ ತಾನಾಗಿ ಸೆಕ್ಯುರಿಟಿ ಲಾಗ್‌ಗೆ ಇಡುವ ಜಾಗ 20 ಎಂಬಿ ಮಾತ್ರ. ಅದು ತುಂಬಿದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಕಳ್ಳರ ಸದ್ದಿನಲ್ಲೇ ಅವರ ಹಳೆಯ ಹೆಜ್ಜೆ ಗುರುತುಗಳು ಅಳಿಸಿಹೋಗಿದ್ದವು.

ದೊಡ್ಡ ಸಂಸ್ಥೆಗಳಲ್ಲೂ ಪತ್ತೆ ತಡವಾಗಿಯೇ ಆಗುತ್ತದೆ. ಇಂಥ ದಾಳಿಗಳ ತನಿಖೆ ಮಾಡುವ ಮ್ಯಾಂಡಿಯಂಟ್ ಕಂಪನಿ ಪ್ರತಿ ವರ್ಷ ಒಂದು ವರದಿ ಕೊಡುತ್ತದೆ. ಅವರು 2024ರಲ್ಲಿ ತನಿಖೆ ಮಾಡಿದ ಪ್ರಕರಣಗಳಲ್ಲಿ, ಒಳಗೆ ನುಗ್ಗಿದವರು ಪತ್ತೆಯಾಗುವ ಮುಂಚೆ ಒಳಗಿದ್ದ ದಿನಗಳ ಮಧ್ಯಾಂಕ 11. ಅಂದರೆ ಅರ್ಧ ಪ್ರಕರಣಗಳಲ್ಲಿ ಅದಕ್ಕಿಂತ ಕಡಿಮೆ, ಇನ್ನರ್ಧದಲ್ಲಿ ಹೆಚ್ಚು. ಆ ಹನ್ನೊಂದು ದಿನವೇ ನಿಮಗೆ ಸಿಗುವ ಅವಕಾಶ. ಆಂಟಿವೈರಸ್ ಬಾಗಿಲಲ್ಲಿ ನಿಂತ ಕಾವಲುಗಾರನಿದ್ದ ಹಾಗೆ. ಗುರುತು ಸಿಕ್ಕ ಕಳ್ಳನನ್ನು ತಡೆಯುತ್ತಾನೆ. ಸರಿಯಾದ ಬೀಗದ ಕೈ ಹಿಡಿದು ಬಂದವರಿಗೆ ಸಲಾಂ ಹೊಡೆದು ಒಳಗೆ ಬಿಡುತ್ತಾನೆ. ಮಂಡಳಿಯವರಿಗೆ ಇದನ್ನೇ ಹೇಳಿ.

ನಿಗಾ ಶುರು ಮಾಡುವ ಮೊದಲು ಮುಗಿಸಬೇಕಾದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಹೊರಗಿನಿಂದ ಸರ್ವರ್‌ಗೆ ನೇರ ಬರುವ ರಿಮೋಟ್ ಡೆಸ್ಕ್‌ಟಾಪ್ ದಾರಿ, ಅಂದರೆ 3389ನೇ ಪೋರ್ಟ್, ರೂಟರ್‌ನಲ್ಲಿ ತೆರೆದಿದ್ದರೆ ಇವತ್ತೇ ಮುಚ್ಚಿಸಿ. ಮನೆಯಿಂದ ಕೆಲಸ ಮಾಡಲೇಬೇಕಾದವರು ವಿಪಿಎನ್, ಅಂದರೆ ಇಂಟರ್ನೆಟ್ ಒಳಗೇ ಹಾಕಿಕೊಂಡ ಬೀಗವಿರುವ ಖಾಸಗಿ ದಾರಿ, ಅದರ ಮೂಲಕ ಬರಲಿ. ಇಮೇಲ್‌ಗೆ ಎರಡನೇ ಹಂತದ ಪರಿಶೀಲನೆ ಕಡ್ಡಾಯ ಮಾಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಆ ಯಂತ್ರಗಳ ಪಟ್ಟಿ ಮಾಡಿ, ಬದಲಾಯಿಸುವ ಕೆಲಸ ಶುರು ಮಾಡಿ. ಬ್ಯಾಕಪ್‌ನ ಒಂದು ಪ್ರತಿ ಯಾವ ಕಂಪ್ಯೂಟರ್‌ಗೂ ತಗುಲಿಕೊಂಡಿರಬಾರದು. ಬೀರುವಿನಲ್ಲಿ ಬೀಗ ಹಾಕಿಟ್ಟ ಡಿಸ್ಕ್ ಆದರೂ ನಡೆಯುತ್ತದೆ.

ಈಗ ನಿಗಾ ಇಡುವ ವಿಷಯ. ಮೊದಲ ಮೂರು ಕೆಲಸಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ನಿಮ್ಮ ಹುಡುಗ ಒಂದು ದಿನ ಕೂತರೆ ಆಗುತ್ತದೆ. ಲಾಗ್‌ಗಳನ್ನು ತೋರಿಸುವ ವಿಂಡೋಸ್‌ನ ಇವೆಂಟ್ ವ್ಯೂಯರ್‌ನಲ್ಲಿ ಸೆಕ್ಯುರಿಟಿ ಲಾಗ್‌ನ ಮಿತಿಯನ್ನು 20 ಎಂಬಿಯಿಂದ ಒಂದು ಜಿಬಿಗೆ ಏರಿಸಲಿ. ವಿಂಡೋಸ್‌ನ ಡೆಸ್ಕ್‌ಟಾಪ್ ಆವೃತ್ತಿಗಳು ಸರಿಯಾದ ಲಾಗಿನ್‌ಗಳನ್ನು ಮಾತ್ರ ಬರೆದಿಟ್ಟು, ತಪ್ಪಿದವನ್ನು ಬಿಟ್ಟುಬಿಡುವ ಹಾಗೆ ಬಂದಿರುತ್ತವೆ. ಆಡಿಟ್ ಪಾಲಿಸಿಯಲ್ಲಿ ತಪ್ಪಿದವನ್ನೂ ಬರೆಯುವ ಹಾಗೆ ಟಿಕ್ ಹಾಕಲಿ. ಮೂರನೆಯದು ಗಡಿಯಾರ. ಎಲ್ಲ ಕಂಪ್ಯೂಟರ್, ರೂಟರ್, ಸಿಸಿಟಿವಿ ಡಬ್ಬಿ ಒಂದೇ ಸಮಯ ತೋರಿಸಬೇಕು. ಇಲ್ಲದಿದ್ದರೆ ಮುಂದೆ ಯಾವುದು ಮೊದಲಾಯಿತು, ಯಾವುದು ಆಮೇಲಾಯಿತು ಎಂದು ಹೇಳಲು ಆಗುವುದಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ಸಿಸಿಟಿವಿ ಏಳು ನಿಮಿಷ ಹಿಂದಿದೆ, ಸರ್ವರ್ ನಾಲ್ಕು ನಿಮಿಷ ಮುಂದಿದೆ ಎಂದು ಕೂಡಿ ಕಳೆದು ನಾನು ಒಂದು ಇಡೀ ದಿನ ಕಳೆದಿದ್ದೇನೆ.

ಇದರಲ್ಲಿ ಕಾನೂನಿನ ಮಾತೂ ಇದೆ. ದೇಶದ ಕಂಪ್ಯೂಟರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಒಂದು ಆದೇಶ ಹೊರಡಿಸಿತು. ವ್ಯವಹಾರ ನಡೆಸುವ ಸಂಸ್ಥೆಗಳೂ ಅದರ ವ್ಯಾಪ್ತಿಯಲ್ಲಿವೆ. ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಪಟ್ಟಿಯಲ್ಲಿರುವ ರೀತಿಯ ದಾಳಿ ಆದರೆ, ಗೊತ್ತಾದ ಆರು ಗಂಟೆಯೊಳಗೆ ತಿಳಿಸಬೇಕು. ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು. ನಿಮ್ಮ ಆಡಿಟರು ಕೇಳಿದ ಪ್ರಶ್ನೆಯ ಬೇರು ಇಲ್ಲೇ ಇರಬಹುದು. 180 ದಿನದ ಲಾಗ್ ತೋರಿಸಿದರೆ ಅರ್ಧ ಉತ್ತರ ಕೊಟ್ಟ ಹಾಗಾಯಿತು.

ಇಷ್ಟಾದ ಮೇಲೆ ದಿನಾ ಏನು ನೋಡಬೇಕು? ವಿಂಡೋಸ್ ನೂರಾರು ಬಗೆಯ ಸಂಗತಿಗಳನ್ನು ಬರೆದಿಡುತ್ತದೆ. ಅವೆಲ್ಲವನ್ನೂ ನೋಡಲು ಹೊರಟರೆ ಎಂಟೇ ದಿನಕ್ಕೆ ಕೈಬಿಡುತ್ತೀರಿ. ನಿಮ್ಮಂಥ ಕಚೇರಿಗೆ ಕೆಲವೇ ಸಾಕು. 4625 ಮತ್ತು 4624ರ ಕಥೆ ಮೇಲೆ ಹೇಳಿದೆ. ಆಫೀಸು ಮುಚ್ಚಿದ ಮೇಲೆ, ಭಾನುವಾರ, ಎರಡನೇ ಶನಿವಾರ ಯಾರಾದರೂ ಕೂತು ಲಾಗಿನ್ ಆಗಿದ್ದರೆ ಪ್ರತಿಯೊಂದಕ್ಕೂ ಕಾರಣ ಗೊತ್ತಿರಬೇಕು. 4624ರ ಒಳಗೆ 'ಲಾಗಾನ್ ಟೈಪ್' ಎಂಬ ಸಾಲು ಇರುತ್ತದೆ. ಅಲ್ಲಿ 10 ಎಂದಿದ್ದರೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬಂದಿದ್ದಾರೆ ಎಂದರ್ಥ. 2 ಎಂದಿದ್ದರೆ ಎದುರಿಗೇ ಕೂತು ಕೀಬೋರ್ಡ್ ಒತ್ತಿದ್ದಾರೆ. 4720 ಹೊಸ ಖಾತೆ, 4732 ಯಾರನ್ನೋ ಒಂದು ಗುಂಪಿಗೆ ಸೇರಿಸಿದ ಗುರುತು. ಆ ಗುಂಪು 'ಅಡ್ಮಿನಿಸ್ಟ್ರೇಟರ್ಸ್' ಆಗಿದ್ದರೆ ಅಲ್ಲೇ ನಿಂತು ವಿಚಾರಿಸಿ. ಹದಿನೆಂಟು ಕಂಪ್ಯೂಟರ್‌ಗಳ ಕಚೇರಿಯಲ್ಲಿ ಇವೆರಡು ವರ್ಷಕ್ಕೆ ನಾಲ್ಕೈದು ಸಲ ಬಂದರೆ ಹೆಚ್ಚು. ನೌಕರರು ಹೊಸದಾಗಿ ಸೇರಿಲ್ಲ, ಆದರೆ 4720 ಬಂದಿದೆ ಅಂದರೆ ಅದು ಬೆಂಕಿ ಬಿದ್ದಷ್ಟೇ ತುರ್ತು.

1102 ಎಂಬುದು ಇನ್ನೂ ಗಂಭೀರ. ಸೆಕ್ಯುರಿಟಿ ಲಾಗನ್ನೇ ಯಾರೋ ಅಳಿಸಿದರು ಎಂದರ್ಥ. ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೆ ಅದರ ಅಗತ್ಯ ಬರುವುದೇ ಇಲ್ಲ. ಸಿಸ್ಟಮ್ ಲಾಗ್‌ನಲ್ಲಿ 7045 ಬಂದರೆ ಹೊಸ ಸರ್ವಿಸ್, ಅಂದರೆ ತೆರೆಮರೆಯಲ್ಲಿ ಓಡುವ ಪ್ರೋಗ್ರಾಮ್, ಒಂದು ಕೂತಿದೆ ಎಂದರ್ಥ. ಪ್ರಿಂಟರ್ ಡ್ರೈವರ್ ಹಾಕಿದಾಗಲೂ ಬರಬಹುದು, ಕಳ್ಳತನದ ಸಾಧನ ಹಾಕಿದಾಗಲೂ ಬರಬಹುದು. ಹೆಸರು ನೋಡಿ, ಆ ದಿನ ಯಾರಾದರೂ ಏನಾದರೂ ಹಾಕಿದರೇ ಎಂದು ಕೇಳಿ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಬಳಸುತ್ತಿದ್ದರೆ ಅದರ ಲಾಗ್‌ನಲ್ಲಿ 1116 ಅಂದರೆ ಏನೋ ಸಿಕ್ಕಿತು, 5001 ಅಂದರೆ ಅದರ ನೈಜ ಸಮಯದ ಕಾವಲನ್ನು ಯಾರೋ ನಿಲ್ಲಿಸಿದರು. ಫೈಲ್‌ಗಳಿಗೆ ಬೀಗ ಹಾಕುವ ಮುಂಚೆ ದಾಳಿಕೋರರು ಸಾಮಾನ್ಯವಾಗಿ ಮಾಡುವ ಕೆಲಸ ಎರಡು. ಡಿಫೆಂಡರ್ ನಿಲ್ಲಿಸುವುದು ಒಂದು. ವಿಂಡೋಸ್ ತಾನೇ ಇಟ್ಟುಕೊಂಡ ಹಳೆಯ ನಕಲುಗಳನ್ನು 'ವಿಎಸ್‌ಎಸ್‌ಅಡ್ಮಿನ್' ಎಂಬ ಆದೇಶದಿಂದ ಅಳಿಸುವುದು ಇನ್ನೊಂದು. ಆ ಎರಡನೆಯದು ಕಣ್ಣಿಗೆ ಬೀಳಬೇಕಾದರೆ ಮೈಕ್ರೋಸಾಫ್ಟ್ ಪುಕ್ಕಟೆ ಕೊಡುವ ಸಿಸ್‌ಮಾನ್ ಎಂಬ ಪುಟ್ಟ ಸಾಧನ ಹಾಕಿಕೊಳ್ಳಬೇಕು. ಯಾವ ಪ್ರೋಗ್ರಾಮ್ ಯಾವ ಆದೇಶದೊಂದಿಗೆ ಓಡಿತು, ಅದನ್ನು ಓಡಿಸಿದ್ದು ಯಾವುದು ಎಂದು ಅದು ಸಾಲು ಸಾಲಾಗಿ ಬರೆಯುತ್ತದೆ.

ಹದಿನೆಂಟು ಕಂಪ್ಯೂಟರ್‌ಗಳ ಮುಂದೆ ಒಂದೊಂದಾಗಿ ಕೂತು ನೋಡುವುದು ಆಗದ ಮಾತು. ಎಲ್ಲ ಲಾಗ್‌ಗಳೂ ಒಂದು ಕಡೆ ಬಂದು ಸೇರಬೇಕು. ಅದಕ್ಕೆ ನಾನು ಹೇಳುವುದು ವಾಝೂ ಎಂಬ ತಂತ್ರಾಂಶ. ಇಂಗ್ಲಿಷಿನಲ್ಲಿ ಡಬ್ಲ್ಯು, ಎ, ಝಡ್, ಯು, ಎಚ್ ಎಂದು ಹೊಡೆದು ಹುಡುಕಿದರೆ ಸಿಗುತ್ತದೆ. ಓಎಸ್‌ಎಸ್‌ಇಸಿ ಎಂಬ ಹಳೆಯ ಮುಕ್ತ ತಂತ್ರಾಂಶದಿಂದ 2015ರಲ್ಲಿ ಕವಲೊಡೆದದ್ದು ಇದು. ಲೈಸೆನ್ಸ್ ಶುಲ್ಕ ಇಲ್ಲ. 25 ಕಂಪ್ಯೂಟರ್‌ಗಳವರೆಗೆ, 90 ದಿನದ ಮಾಹಿತಿಗೆ, ನಾಲ್ಕು ಕೋರ್, 8 ಜಿಬಿ ರ್‍ಯಾಮ್, 50 ಜಿಬಿ ಡಿಸ್ಕ್ ಸಾಕು ಎನ್ನುತ್ತಾರೆ ಅದನ್ನು ಮಾಡಿದವರೇ. ನಿಮಗೆ 180 ದಿನ ಬೇಕು. 256 ಜಿಬಿಯ ಹೊಸ ಎಸ್‌ಎಸ್‌ಡಿ ಹಾಕಿದ ಒಂದು ಡೆಸ್ಕ್‌ಟಾಪ್ ಧಾರಾಳವಾಯಿತು. ಮೂಲೆಯಲ್ಲಿ ಬಳಸದೆ ಇಟ್ಟ ಯಂತ್ರ ಇದ್ದರೆ ಅದೇ ನಡೆಯುತ್ತದೆ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಹಾಕಿ, ಅದರ ಮೇಲೆ ವಾಝೂ ಹಾಕಿ, ಪ್ರತಿ ಕಂಪ್ಯೂಟರ್‌ಗೆ ಲಾಗ್ ಕಳಿಸುವ ಅದರ ಪುಟ್ಟ ಪ್ರೋಗ್ರಾಮ್, ಅಂದರೆ ಏಜೆಂಟ್, ಹಾಕಿದರೆ ಲಾಗ್‌ಗಳು ತಾವಾಗಿ ಬಂದು ಸೇರುತ್ತವೆ. ಸಿಸ್‌ಮಾನ್ ಬರೆದದ್ದನ್ನೂ ಕಳಿಸು ಎಂದು ಏಜೆಂಟ್‌ಗೆ ಬೇರೆಯಾಗಿ ಹೇಳಿಕೊಡಬೇಕು. ಶಾಖೆಗಳಿಂದ ಲಾಗ್ ತರಲು 1514, 1515ನೇ ಪೋರ್ಟ್‌ಗಳನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ. ಶಾಖೆಗಳ ನಡುವೆ ವಿಪಿಎನ್ ಇದ್ದರೆ ಅದರಲ್ಲೇ ಬರಲಿ.

ಇದನ್ನು ಹಾಕಿದವರು ಸಾಮಾನ್ಯವಾಗಿ ಎಡವುವ ಜಾಗಗಳನ್ನೂ ಹೇಳಬೇಕು. ಮೊದಲ ವಾರ ಎಚ್ಚರಿಕೆಗಳ ಮಳೆಯೇ ಸುರಿಯುತ್ತದೆ. ಹೆದರಬೇಡಿ, ಬೇಸರವನ್ನೂ ಪಡಬೇಡಿ. ಆ ವಾರ ನಿಮ್ಮ ಕಚೇರಿಯಲ್ಲಿ ಮಾಮೂಲಿ ಅಂದರೆ ಏನು ಎಂದು ಕಲಿಯುವ ವಾರ. ಬೆಳಿಗ್ಗೆ ಹತ್ತಕ್ಕೆ ಒಟ್ಟಿಗೆ ಹದಿನೆಂಟು ಲಾಗಿನ್, ಮಧ್ಯಾಹ್ನ ಬ್ಯಾಕಪ್ ಪ್ರೋಗ್ರಾಮ್ ಎದ್ದು ಓಡುವುದು, ಒಂದು ಪ್ರಿಂಟರ್ ಹಳೆಯ ಪಾಸ್‌ವರ್ಡ್ ಹಿಡಿದುಕೊಂಡು ಗಂಟೆಗೊಮ್ಮೆ ಸೋಲುವುದು. ಕಾರಣ ಗೊತ್ತಾದದ್ದನ್ನು ಒಂದೊಂದಾಗಿ ಸುಮ್ಮನಾಗಿಸುತ್ತಾ ಬನ್ನಿ. ಇನ್ನೊಂದು ಇಮೇಲ್. ವಾಝೂ ಪ್ರತಿ ಎಚ್ಚರಿಕೆಗೂ ಅದು ಎಷ್ಟು ಗಂಭೀರ ಎಂದು ಒಂದು ಹಂತದ ಸಂಖ್ಯೆ ಕೊಡುತ್ತದೆ. ಮೇಲ್ ಕಳಿಸುವುದನ್ನು ಆನ್ ಮಾಡಿದರೂ 12ನೇ ಹಂತ ಮತ್ತು ಅದಕ್ಕಿಂತ ಮೇಲಿನ ಎಚ್ಚರಿಕೆಗೆ ಮಾತ್ರ ಮೇಲ್ ಬರುವ ಹಾಗೆ ಅದು ಇರುತ್ತದೆ. ಸಾಲು ಸಾಲಾಗಿ ಪಾಸ್‌ವರ್ಡ್ ತಪ್ಪುವಂಥದ್ದು ಬರುವುದು 10ನೇ ಹಂತದಲ್ಲಿ. ಆ ಮಿತಿಯನ್ನು 10ಕ್ಕೆ ಇಳಿಸದಿದ್ದರೆ ನಾನು ಮೇಲೆ ಹೇಳಿದ ಘಟನೆಯ ಮೇಲ್ ನಿಮಗೆ ಬರುವುದೇ ಇಲ್ಲ. ಮೂರನೆಯದು, ಈ ಯಂತ್ರದ ಪಾಸ್‌ವರ್ಡ್ ಬೇರೆ ಯಾವುದಕ್ಕೂ ಬಳಸಿದ್ದಾಗಿರಬಾರದು. ಸರ್ವರ್‌ನ ಪಾಸ್‌ವರ್ಡ್ ಸಿಕ್ಕವರಿಗೆ ಕಾವಲು ಯಂತ್ರವೂ ಸಿಕ್ಕಿಬಿಟ್ಟರೆ ಇದ್ದೂ ಇಲ್ಲದ ಹಾಗೆ.

ನಿಮ್ಮ ಹುಡುಗನಿಗೆ ಲಿನಕ್ಸ್ ಗೊತ್ತೇ? ಗೊತ್ತಿಲ್ಲ, ಕಲಿಯುವ ಆಸೆಯೂ ಇಲ್ಲ ಅಂದರೆ ವಾಝೂ ಹಾಕಿಸಬೇಡಿ. ಆರು ತಿಂಗಳಲ್ಲಿ ಡಿಸ್ಕ್ ತುಂಬಿ ನಿಂತುಹೋಗುತ್ತದೆ, ನಿಂತಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಆಗ ದುಡ್ಡು ಕೊಟ್ಟು ತೆಗೆದುಕೊಳ್ಳುವ ಸಣ್ಣ ಸೇವೆಯೇ ಮೇಲು. ಮೈಕ್ರೋಸಾಫ್ಟ್‌ನ ಡಿಫೆಂಡರ್ ಫಾರ್ ಬಿಸಿನೆಸ್ 300 ಬಳಕೆದಾರರವರೆಗಿನ ಸಂಸ್ಥೆಗಳಿಗೆಂದೇ ಮಾಡಿದ್ದು. 2022ರಲ್ಲಿ ಬಂದಾಗ ಒಬ್ಬರಿಗೆ ತಿಂಗಳಿಗೆ 3 ಡಾಲರ್ ದರ ಇಟ್ಟಿದ್ದರು. ಆ ಲೆಕ್ಕದಲ್ಲಿ ಹದಿನೆಂಟು ಜನಕ್ಕೆ ತಿಂಗಳಿಗೆ 54 ಡಾಲರ್. ಇಂದಿನ ದರ ವಿಚಾರಿಸಿಕೊಳ್ಳಿ. ಸರ್ವರ್‌ಗೆ ಬೇರೆ ಶುಲ್ಕ ಇದೆ, ಅದನ್ನೂ ಕೇಳಿ. ನೀವು ಈಗಾಗಲೇ ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂ ತೆಗೆದುಕೊಂಡಿದ್ದರೆ ಅದರೊಳಗೇ ಇದು ಸೇರಿದೆ. ದುಡ್ಡು ಕೊಟ್ಟೂ ಅದನ್ನು ಆನ್ ಮಾಡದ ಕಚೇರಿಗಳನ್ನು ನೋಡಿದ್ದೇನೆ, ಒಮ್ಮೆ ಪರೀಕ್ಷಿಸಿ.

ಈಗ ನನಗೆ ಬಹಳ ಇಷ್ಟವಾದ ಒಂದು ಉಪಾಯ. ಇದನ್ನು ಕ್ಯಾನರಿ ಟೋಕನ್ ಎನ್ನುತ್ತಾರೆ. ಗಣಿಗಳಲ್ಲಿ ವಿಷಗಾಳಿ ಸೂಚಿಸಲು ಹಕ್ಕಿ ಒಯ್ಯುತ್ತಿದ್ದರಲ್ಲ, ಹೆಸರು ಅಲ್ಲಿಂದ ಬಂದದ್ದು. ಥಿಂಕ್ಸ್ಟ್ ಎಂಬ ದಕ್ಷಿಣ ಆಫ್ರಿಕಾದ ಕಂಪನಿ ಇದನ್ನು ಪುಕ್ಕಟೆ ಕೊಡುತ್ತದೆ. ಅವರ ತಾಣದಲ್ಲಿ ನಿಮ್ಮ ಇಮೇಲ್ ಕೊಟ್ಟರೆ ಒಂದು ವರ್ಡ್ ಫೈಲ್ ಇಳಿಯುತ್ತದೆ. ನೋಡಲು ಮಾಮೂಲಿ ಫೈಲ್. ಅದಕ್ಕೆ 'ಸರ್ವರ್ ಪಾಸ್‌ವರ್ಡ್ ಪಟ್ಟಿ' ಎಂದು ಹೆಸರಿಟ್ಟು ಸರ್ವರ್‌ನ ಒಳ ಫೋಲ್ಡರ್‌ನಲ್ಲಿ ಇಟ್ಟುಬಿಡಿ. ಅದನ್ನು ಯಾರಾದರೂ ತೆರೆದ ಕೂಡಲೇ ನಿಮ್ಮ ಫೋನಿಗೆ ಮೇಲ್ ಬರುತ್ತದೆ. ನಿಮ್ಮ ಸಿಬ್ಬಂದಿಗೆ ಆ ಫೈಲ್‌ನ ಕೆಲಸವೇ ಇಲ್ಲ. ಹಾಗಾಗಿ ಮೇಲ್ ಬಂತು ಅಂದರೆ ಯಾರೋ ಹುಡುಕಾಡುತ್ತಿದ್ದಾರೆ ಎಂದೇ ಅರ್ಥ. ವರ್ಡ್ ಸುರಕ್ಷಿತ ನೋಟದಲ್ಲಿ ತೆರೆದುಕೊಂಡರೆ ಮೇಲ್ ಬರದೆಯೂ ಇರಬಹುದು. ಅದಕ್ಕೇ ಒಂದೇ ಕಡೆ ನೆಚ್ಚಬೇಡಿ. ಮೂರು ನಾಲ್ಕು ಕಡೆ ಬೇರೆ ಬೇರೆ ಬಗೆಯವನ್ನು ಇಡಿ. ನಿಮಗೂ ಇನ್ನೊಬ್ಬರಿಗೂ ಬಿಟ್ಟು ಬೇರೆ ಯಾರಿಗೂ ಹೇಳಬೇಡಿ. ಇದೇ ಥರ ಸರ್ವರ್‌ನಲ್ಲಿ 'ಬ್ಯಾಕಪ್ ಅಡ್ಮಿನ್' ಎಂಬ ಹೆಸರಿನ ಸುಳ್ಳು ಖಾತೆ ಮಾಡಿ. ಅದಕ್ಕೆ ಯಾವ ಅಧಿಕಾರವೂ ಬೇಡ, ನಿಷ್ಕ್ರಿಯವಾಗಿಯೇ ಇರಲಿ. ಆ ಹೆಸರಲ್ಲಿ ಒಂದೇ ಒಂದು ಲಾಗಿನ್ ಪ್ರಯತ್ನ ಬಂದರೂ ಮೇಲ್ ಬರುವಂತೆ ವಾಝೂಗೆ ಹೇಳಿಕೊಡಿ.

ನಾನು ಒಂದು ಶಾಲೆಯ ಕಚೇರಿಯಲ್ಲಿ ಇಂಥದ್ದೇ ಫೈಲ್ ಇಟ್ಟಿದ್ದೆ. ನಾಲ್ಕು ತಿಂಗಳು ಸದ್ದಿಲ್ಲ. ಒಂದು ರಾತ್ರಿ ಹನ್ನೊಂದೂಕಾಲಿಗೆ ಮೇಲ್ ಬಂತು. ಅಲ್ಲಿನ ಲೆಕ್ಕದ ಸಾಫ್ಟ್‌ವೇರ್ ಕೊಟ್ಟವರು ದುರಸ್ತಿಗೆಂದು ಎನಿಡೆಸ್ಕ್ ಮೂಲಕ, ಅಂದರೆ ದೂರದಿಂದಲೇ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಮೂಲಕ, ಬಂದಿದ್ದರು. ಬಂದವರು ತಮಗೆ ಸಂಬಂಧವಿಲ್ಲದ ಫೋಲ್ಡರ್ ನೋಡುತ್ತಾ ಕೂತಿದ್ದರು. ದುರುದ್ದೇಶ ಇತ್ತೋ ಇಲ್ಲವೋ, ಬಾಗಿಲು ಮಾತ್ರ ಸದಾ ತೆರೆದಿತ್ತು ಎಂದು ಅವತ್ತು ಎಲ್ಲರಿಗೂ ಗೊತ್ತಾಯಿತು.

ನಿಮ್ಮ ಸಂಘದಲ್ಲೂ ಸಾಫ್ಟ್‌ವೇರ್‌ನವರು ಹೀಗೇ ಬಂದು ಹೋಗುತ್ತಾರೆ ಅಲ್ವಾ? ಒಂದು ನಿಯಮ ಮಾಡಿ. ಅವರು ಬರುವ ಮುಂಚೆ ಫೋನ್ ಮಾಡಬೇಕು. ಆಗಷ್ಟೇ ಎನಿಡೆಸ್ಕ್ ತೆರೆಯಬೇಕು, ಕೆಲಸ ಮುಗಿದ ಮೇಲೆ ಮುಚ್ಚಬೇಕು. ಯಾರು ಯಾವಾಗ ಬಂದರು ಎಂದು ಎನಿಡೆಸ್ಕ್ ತನ್ನದೇ ಒಂದು ಫೈಲ್‌ನಲ್ಲಿ ಬರೆದಿಡುತ್ತದೆ. ವಾರಕ್ಕೊಮ್ಮೆ ಅದನ್ನೂ ನಿಮ್ಮ ಪುಸ್ತಕವನ್ನೂ ತಾಳೆ ನೋಡಿ. ಹೊರಗಿನವರ ಮೂಲಕ ಬರುವ ಅಪಾಯ ಸಣ್ಣದಲ್ಲ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ದಾಳಿಯ ಶಂಕೆ ಬಂದಾಗ, ಯುಪಿಐ ನಡೆಸುವ ಎನ್‌ಪಿಸಿಐ ಆ ಕಂಪನಿಯನ್ನೇ ತನ್ನ ಜಾಲದಿಂದ ದೂರ ಇಟ್ಟಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳೂ ಸೇರಿ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ನಿಂತಿತು. ಆ ಬ್ಯಾಂಕುಗಳ ಕಂಪ್ಯೂಟರ್ ಮೇಲೆ ದಾಳಿಯೇ ಆಗಿರಲಿಲ್ಲ.

ಇಮೇಲ್ ಬಗ್ಗೆಯೂ ಹೇಳಲೇಬೇಕು. ಸಣ್ಣ ಸಂಸ್ಥೆಗಳು ದುಡ್ಡು ಕಳೆದುಕೊಳ್ಳುವ ದೊಡ್ಡ ದಾರಿಗಳಲ್ಲಿ ಇದೂ ಒಂದು. ಯಾರದೋ ಮೇಲ್ ಪಾಸ್‌ವರ್ಡ್ ಸಿಕ್ಕವರು ಮೊದಲು ಮಾಡುವುದು ಒಂದು ಸದ್ದಿಲ್ಲದ ಕೆಲಸ. ಬರುವ ಮೇಲ್‌ಗಳಲ್ಲಿ 'ಇನ್‌ವಾಯ್ಸ್' ಅಥವಾ 'ಪೇಮೆಂಟ್' ಎಂದಿದ್ದರೆ ತಮಗೊಂದು ಪ್ರತಿ ಕಳಿಸು, ಇಲ್ಲಿಂದ ಅಳಿಸು ಎಂದು ಒಂದು ರೂಲ್ ಬರೆದಿಡುತ್ತಾರೆ. ಆಮೇಲೆ ಸರಿಯಾದ ಹೊತ್ತು ನೋಡಿ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇದಕ್ಕೆ ಹಾಕಿ" ಎಂದು ಮಾರಾಟಗಾರರ ಹೆಸರಲ್ಲಿ ಮೇಲ್ ಕಳಿಸುತ್ತಾರೆ. ಇದರಲ್ಲಿ ವೈರಸ್ ಇಲ್ಲವೇ ಇಲ್ಲ, ಯಾವ ಆಂಟಿವೈರಸ್‌ಗೂ ಕಾಣುವುದಿಲ್ಲ. ತಿಂಗಳಿಗೊಮ್ಮೆ ಎಲ್ಲರ ಮೇಲ್‌ಬಾಕ್ಸ್‌ನ ರೂಲ್ ಮತ್ತು ಫಾರ್ವರ್ಡಿಂಗ್ ಪುಟ ತೆರೆದು ನೋಡಿ. ಗೂಗಲ್ ವರ್ಕ್‌ಸ್ಪೇಸ್ ಇದ್ದರೆ ಅಡ್ಮಿನ್ ಪುಟದಲ್ಲಿ ಅಲರ್ಟ್ ಸೆಂಟರ್ ಇದೆ. ಅನುಮಾನದ ಲಾಗಿನ್‌ಗಳು ಅಲ್ಲಿ ಬಂದು ಕೂತಿರುತ್ತವೆ. ಅದಕ್ಕೆ ಬೇರೆ ದುಡ್ಡಿಲ್ಲ. ಖಾತೆ ಸಂಖ್ಯೆ ಬದಲಾಯಿತು ಎಂಬ ಮೇಲ್ ಬಂದರೆ ನಿಮ್ಮಲ್ಲಿ ಮೊದಲೇ ಇದ್ದ ನಂಬರಿಗೆ ಫೋನ್ ಮಾಡಿ ಕೇಳದೆ ಯಾರೂ ದುಡ್ಡು ಹಾಕಬಾರದು.

ತಾಣದ ಹೆಸರು ಕೊಟ್ಟರೆ ಅದರ ದಾರಿ ಹುಡುಕಿಕೊಡುವ ಸೇವೆಗೆ ಡಿಎನ್‌ಎಸ್ ಎನ್ನುತ್ತಾರೆ. ರೂಟರ್‌ನಲ್ಲಿ ಡಿಎನ್‌ಎಸ್ ವಿಳಾಸವನ್ನು 9.9.9.9 ಎಂದು ಬದಲಾಯಿಸಿ. ಕ್ವಾಡ್9 ಎಂಬ ಲಾಭರಹಿತ ಸಂಸ್ಥೆಯದು, ಪುಕ್ಕಟೆ. ಗೊತ್ತಿರುವ ಕೆಟ್ಟ ತಾಣಗಳ ದಾರಿ ಅಲ್ಲೇ ಮುಚ್ಚುತ್ತದೆ. ಐದು ನಿಮಿಷದ ಕೆಲಸ.

ಅಪಾಯದ ಗಂಟೆ ಬಾರಿಸಿದಾಗ ಏನು ಮಾಡಬೇಕು? ಇದನ್ನು ಒಂದು ಹಾಳೆಯಲ್ಲಿ ಬರೆದು ಸರ್ವರ್ ಪಕ್ಕ ಅಂಟಿಸಿ. ಮೊದಲು ಆ ಯಂತ್ರದ ನೆಟ್‌ವರ್ಕ್ ತಂತಿ ಕೀಳಿ, ವೈಫೈ ಆರಿಸಿ. ಯಂತ್ರವನ್ನು ಆಫ್ ಮಾಡಬೇಡಿ. ಕಂಪ್ಯೂಟರ್‌ನ ಮೆಮೊರಿಯಲ್ಲಿರುವ ಸಾಕ್ಷ್ಯ ಹೋಗುತ್ತದೆ. "ಫಾರ್ಮ್ಯಾಟ್ ಹೊಡೆದುಬಿಡೋಣ" ಎಂದು ಯಾರು ಹೇಳಿದರೂ ಕೇಳಬೇಡಿ. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಮುಂದಿನ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯ ನಂಬರ್ ಆ ಹಾಳೆಯಲ್ಲೇ ಇರಲಿ. ಸರ್ಟ್-ಇನ್‌ಗೆ ತಿಳಿಸಲು 1800-11-4949 ಇದೆ. ಆರು ಗಂಟೆಯ ಗಡುವು ನೆನಪಿರಲಿ. ಒಂದು ಶನಿವಾರ ಮಧ್ಯಾಹ್ನ ಇದನ್ನೆಲ್ಲ ಆಟದ ಹಾಗೆ ಒಮ್ಮೆ ಮಾಡಿ ನೋಡಿ. ತಂತಿ ಯಾವುದು ಎಂದು ಹುಡುಕಲು ಹತ್ತು ನಿಮಿಷ ಬೇಕಾಯಿತು ಎಂದು ಆಗ ಗೊತ್ತಾಗುತ್ತದೆ.

ದುಡ್ಡು ಕೊಟ್ಟು ಹೊರಗಿನವರನ್ನು ಇಡಲೇಬೇಕಾದ ಸಂದರ್ಭವೂ ಇದೆ. ನಿಮ್ಮ ಈ ಬೆಳಗಿನ ಹತ್ತು ನಿಮಿಷ ರಾತ್ರಿ ಎರಡು ಗಂಟೆಯನ್ನು ಕಾಯುವುದಿಲ್ಲ. ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ 2018ರ ಆಗಸ್ಟ್ 11 ಮತ್ತು 13ರಂದು 94 ಕೋಟಿ ರೂಪಾಯಿ ಹೋಯಿತು. 28 ದೇಶಗಳ ಎಟಿಎಂಗಳಿಂದ ಹಣ ತೆಗೆದರು. 11 ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಎಟಿಎಂ ಕಾರ್ಡ್, ಮೊಬೈಲ್ ಪಾವತಿ, ಹೊರಗಿನ ಬ್ಯಾಂಕಿಗೆ ನೇರ ವರ್ಗಾವಣೆ ಇವು ನಿಮ್ಮಲ್ಲಿ ಶುರುವಾದ ದಿನ ರಾತ್ರಿಯೂ ಎಚ್ಚರವಾಗಿರುವ ಕಣ್ಣು ಬೇಕು. ಅಲ್ಲಿಯವರೆಗೆ ನಿಮ್ಮದು ಠೇವಣಿ, ಸಾಲ, ಪಿಗ್ಮಿ ಮಾತ್ರ ಆಗಿದ್ದರೆ ಮೇಲೆ ಹೇಳಿದಷ್ಟು ಮಾಡಿ. ಅಕ್ಕಪಕ್ಕದ ನಾಲ್ಕೈದು ಸಹಕಾರಿಗಳವರು ಸೇರಿ ಲಿನಕ್ಸ್ ಗೊತ್ತಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸಂಬಳ ಕೊಟ್ಟು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಪ್ರತಿ ಸಂಘದ ಯಂತ್ರ ಪ್ರತ್ಯೇಕ, ನೋಡುವ ವ್ಯಕ್ತಿ ಒಬ್ಬರೇ. ನನಗೆ ಇದೇ ಎಲ್ಲಕ್ಕಿಂತ ಸರಿಯಾದ ದಾರಿ ಅನ್ನಿಸುತ್ತದೆ. ಸಹಕಾರ ಎಂಬ ಹೆಸರಿಗೂ ಒಪ್ಪುತ್ತದೆ.

ಮಂಡಳಿ ಸಭೆಗೆ ಆ ಕೋಟೇಶನ್ ಒಯ್ಯುವ ಮುಂಚೆ ಕಂಪನಿಯವರಿಗೆ ಕೆಲವು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ರಾತ್ರಿ ಎರಡು ಗಂಟೆಗೆ ನಮ್ಮ ಲಾಗ್ ನೋಡುವವರು ಮನುಷ್ಯರೋ, ಬರೀ ಯಂತ್ರವೋ? ಏನಾದರೂ ಕಂಡರೆ ನೀವೇ ಆ ಕಂಪ್ಯೂಟರನ್ನು ಜಾಲದಿಂದ ಬಿಡಿಸುತ್ತೀರೋ, ಅಥವಾ ನಮಗೊಂದು ಮೇಲ್ ಕಳಿಸಿ ಸುಮ್ಮನಾಗುತ್ತೀರೋ? ಲಾಗ್‌ಗಳು ಭಾರತದೊಳಗೇ 180 ದಿನ ಇರುತ್ತವೆಯೇ? ಮುಂದಿನ ವರ್ಷ ನಾವು ಒಪ್ಪಂದ ಮುಂದುವರಿಸದಿದ್ದರೆ ನಮ್ಮ ಹಳೆಯ ಲಾಗ್‌ಗಳನ್ನು ನಮ್ಮ ಕೈಗೆ ಕೊಡುತ್ತೀರಾ?